ಅಯ್ಯೋ ಅಂದರೆ ಬರೀ ದುಃಖವೇ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಭಾವಸೂಚಕ ಅವ್ಯಯದ ಪಾಠ ಬಂದಾಗ ‘ಅಯ್ಯೋ – ದುಃಖ, ಆಹಾ – ಸಂತೋಷ, ಅಬ್ಬಾ – ಆಶ್ಚರ್ಯ, ಛೀ – ತಿರಸ್ಕಾರ’ ಎಂದು ಪಟ್ಟಿ ಬರೆಸಿ ಮುಂದೆ ಹೋಗುವುದು ರೂಢಿ. ಈ ಸಲ ಒಬ್ಬ ಹುಡುಗಿ, “ನಮ್ಮಜ್ಜಿ ಖುಷಿ ಆದಾಗ್ಲೂ ಅಯ್ಯೋ ಅಂತಾರಲ್ಲ ಸಾರ್?” ಎಂದಳು. ಏನು ಹೇಳಬೇಕೋ ತಿಳಿಯಲಿಲ್ಲ. ಉದ್ಗಾರಗಳಿಗೆ ಅರ್ಥ ಅಂತ ಒಂದು ಇದೆಯಾ, ಇಲ್ಲ ಅವು ಸುಮ್ನೆ ಬಾಯಿಂದ ಬೀಳುವ ಸದ್ದುಗಳಾ? ಇನ್ನೊಂದು ವಿಷಯ. ಮಕ್ಕಳು ಪ್ರಬಂಧದಲ್ಲಿ ಸಾಲಿಗೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಾರೆ. ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಉತ್ತರ: ಹುಡುಗಿ ಹೇಳಿದ್ದೇ ಸರಿ. ಒಂದು ಮನೆಯಲ್ಲಿ ಬೆಳಗಿಂದ ಸಂಜೆವರೆಗೆ ಕೇಳಿಸುವ ‘ಅಯ್ಯೋ’ಗಳನ್ನು ಗಮನಿಸಿ. ಹಾಲು ಉಕ್ಕಿದರೆ ಅಯ್ಯೋ. ಮೊಮ್ಮಗಳು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತರೆ ‘ಅಯ್ಯೋ, ನೀನಾ!’. ಕಾಫಿ ಕುಡಿದವರು ಥ್ಯಾಂಕ್ಸ್ ಅಂದರೆ ‘ಅಯ್ಯೋ, ಅದಕ್ಕೇನಂತೆ’. ಸಂಬಳ ಎಷ್ಟು ಅಂತ ಕೇಳಿದರೆ ‘ಅಯ್ಯೋ ಬಿಡಿ, ಆ ಕತೆ ಯಾಕೆ’. ಪಕ್ಕದ ಮನೆಯವರ ಕಾಲು ಮುರಿದ ಸುದ್ದಿ ಬಂದರೆ ‘ಅಯ್ಯೋ ಪಾಪ’. ಅರ್ಧ ದಾರಿಗೆ ಬಂದ ಮೇಲೆ ಕೀಲಿಕೈ ನೆನಪಾದರೆ ಮತ್ತೆ ಅಯ್ಯೋ. ಮಗು ಮೊದಲ ಸಲ ನಾಲ್ಕು ಹೆಜ್ಜೆ ಇಟ್ಟರೆ ‘ಅಯ್ಯೋ ನನ್ನ ಬಂಗಾರ’. ಇಷ್ಟರಲ್ಲಿ ದುಃಖ ಅನ್ನಬಹುದಾದದ್ದು ಒಂದೋ ಎರಡೋ ಅಷ್ಟೆ.

ಹಾಗಂತ ಅರ್ಥವೇ ಇಲ್ಲ ಅನ್ನುವಂತಿಲ್ಲ. ಹಾಲು ಉಕ್ಕಿದಾಗ ಯಾರೂ ‘ಭಲೇ’ ಅನ್ನುವುದಿಲ್ಲ. ಮೇಲಿನ ಎಲ್ಲ ಸಂದರ್ಭಗಳಲ್ಲೂ ಒಂದು ವಿಷಯ ಇದೆ: ಎಣಿಸದೆ ಇದ್ದದ್ದೊಂದು ಎದುರಾಯಿತು, ಅದು ನನಗೆ ತಟ್ಟಿತು. ಅಯ್ಯೋ ಹೇಳುವುದು ಅಷ್ಟನ್ನೇ. ತಟ್ಟಿದ್ದು ಸಿಹಿಯೋ ಕಹಿಯೋ ಅನ್ನುವುದನ್ನು ದನಿ, ಮುಖ, ಅದರ ಬೆನ್ನಿಗೆ ಬರುವ ಮಾತು ಹೇಳುತ್ತವೆ. ‘ಬಿಡಿ’ ಬಂದರೆ ಒಂದು ಅರ್ಥ, ‘ಪಾಪ’ ಬಂದರೆ ಇನ್ನೊಂದು. ಹೀಗಾಗಿ ಉದ್ಗಾರದ ಎದುರು ಒಂದು ಭಾವದ ಹೆಸರು ಬರೆಯುವ ಬದಲು, ಅದನ್ನು ಹೇಳಿದವರು ಎದುರಿನವರಿಗೆ ಏನು ತಿಳಿಸಿದರು ಅಂತ ಕೇಳುವುದು ಒಳ್ಳೆಯದು.

ಎದುರಿನವರು ಅಂದೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಅದೇ. ಉದ್ಗಾರ ಅಂದರೆ ಒಳಗಿನ ಭಾವ ತಡೆಯಲಾರದೆ ಹೊರಗೆ ಬಂದದ್ದು ಅಂತ ನಾವೆಲ್ಲ ನಂಬಿದ್ದೇವೆ. ಕನ್ನಡದ ಉದ್ಗಾರಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಅವುಗಳಲ್ಲಿ ಜಾಸ್ತಿ ಪಾಲು ಕರೆಗಳು. ಯಾರನ್ನೋ ಕೂಗುವ ಪದಗಳು.

ಬೆರಳು ಬಾಗಿಲ ಸಂದಿಗೆ ಸಿಕ್ಕರೆ ‘ಅಮ್ಮಾ’. ಬೆಟ್ಟ ಹತ್ತಿ ಕೂತರೆ ‘ಉಸ್ಸಪ್ಪಾ’. ಧಾರವಾಡ, ಗದಗದ ಕಡೆ ‘ಯಪ್ಪಾ’, ‘ಯವ್ವಾ’. ಕೇಳಬಾರದ್ದನ್ನು ಕೇಳಿದರೆ ‘ಶಿವ ಶಿವಾ’, ‘ರಾಮ ರಾಮಾ’, ‘ದೇವರೇ’. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಯಾವ ಬೆರಗೂ ‘ಎಂಥ ಮಾರಾಯ್ರೆ’ ಇಲ್ಲದೆ ಪೂರ್ತಿಯಾಗುವುದಿಲ್ಲ. ಹೆಂಗಸರಿಗಾದರೆ ‘ಮಾರಾಯ್ತಿ’. ಕುಂದಾಪುರದವರ ‘ಹ್ವಾಯ್’ ಅಂತೂ ನೇರವಾಗಿ ಕರೆಯೇ. ಬೆಂಗಳೂರು, ಮೈಸೂರಿನ ಹುಡುಗರಿಗೆ ‘ಏನ್ ಗುರು!’, ‘ಏನ್ ಶಿವಾ!’, ‘ಏನ್ ಮಗಾ!’. ಅಪ್ಪ, ಅವ್ವ, ದೇವರು, ಮಹಾರಾಯ, ಗುರು, ಮಗ, ಎಲ್ಲರೂ ಇದ್ದಾರೆ. ಎದುರಿಗೆ ಇಲ್ಲದಿದ್ದರೂ ಕರೆಸಿಕೊಳ್ಳುತ್ತಾರೆ. ಎಂಬತ್ತು ವರ್ಷದ ಮುದುಕರು ಮೊಣಕಾಲು ಹಿಡಿದುಕೊಂಡು ಮೇಲೇಳುವಾಗ ಕರೆಯುವುದು ಎಂದೋ ತೀರಿಹೋದ ಅಮ್ಮನನ್ನು.

ಈ ಕರೆ ವಾಕ್ಯದ ಬಾಲಕ್ಕೂ ಅಂಟಿಕೊಳ್ಳುತ್ತದೆ. ‘ಏನ್ ಬಿಸಿಲಪ್ಪಾ!’, ‘ಎಷ್ಟು ಜನಾನಮ್ಮಾ!’, ‘ಸಾಕಾಯ್ತು ಕಣಯ್ಯಾ’, ‘ಹಿಂಗಾತ್ ನೋಡವ್ವಾ’. ಇಲ್ಲಿನ ಅಪ್ಪ ಹೆತ್ತ ಅಪ್ಪ ಅಲ್ಲ ಅಂತ ಎಲ್ಲರಿಗೂ ಗೊತ್ತು. ಹೆಂಡತಿ ಗಂಡನಿಗೂ, ತಾಯಿ ಮಗನಿಗೂ, ಒಬ್ಬರೇ ಇದ್ದಾಗ ತಮಗೆ ತಾವೇ ಕೂಡ ‘ಏನ್ ಬಿಸಿಲಪ್ಪಾ’ ಅನ್ನುತ್ತಾರೆ. ಸಂಬಂಧ ಸವೆದುಹೋಗಿದೆ, ಕರೆ ಮಾತ್ರ ಉಳಿದಿದೆ.

ನಮ್ಮ ವ್ಯಾಕರಣದಲ್ಲಿ ಇದಕ್ಕೆ ಜಾಗವೂ ಇದೆ, ಆದರೆ ಪಾಠ ಮಾಡುವಾಗ ಉದ್ಗಾರವನ್ನೂ ಕರೆಯನ್ನೂ ಜೋಡಿಸುವುದಿಲ್ಲ. ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೆ 2, ಪ್ಲುತಕ್ಕೆ 3 ಎಂದು ಮಕ್ಕಳಿಗೆ ಹೇಳುತ್ತೇವೆ. ಪ್ಲುತ ಬರುವುದು ಕರೆಯುವಾಗ, ಅಳುವಾಗ, ಹಾಡುವಾಗ ಎಂದೂ ಹೇಳುತ್ತೇವೆ. ‘ಅಣ್ಣಾ ಬಾ’ ಎಂದು ದೂರದಿಂದ ಕೂಗುವ ದನಿಯೂ ‘ಅಣ್ಣಾ’ ಎಂದು ಗೋಳಿಡುವ ದನಿಯೂ ಕೊನೆಯ ಸ್ವರವನ್ನು ಎಳೆಯುತ್ತವೆ. ಉದ್ಗಾರ ಬೇರೆ ಪಾಠ, ಸಂಬೋಧನೆ ಬೇರೆ ಪಾಠ, ಪ್ಲುತ ಇನ್ನೊಂದು ಪಾಠ ಆಗಿ ಹಂಚಿಹೋಗಿದೆ. ಮೂರನ್ನೂ ಒಂದೇ ದಿನ ಕಲಿಸಿ ನೋಡಿ. ಕೇಶಿರಾಜ 13ನೇ ಶತಮಾನದಲ್ಲಿ ಬರೆದ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆ ಸಿಕ್ಕಿದ್ದು ಎಂಟನೆಯ ಪ್ರಕರಣ. ನಮ್ಮ ಪಠ್ಯಗಳೂ ಅವನ್ನು ಕೊನೆಗೇ ತಳ್ಳುತ್ತವೆ. ಅಷ್ಟು ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ!

ಅಯ್ಯೋಗೆ ವಾಪಸ್ ಬರೋಣ. ಅದು ‘ಅಯ್ಯ’ನನ್ನು ಓ ಎಂದು ಕರೆದದ್ದಾ, ಅಥವಾ ನೋವಿಗೆ ತಾನಾಗಿ ಹೊರಡುವ ಸದ್ದಾ? ಎರಡನೆಯದನ್ನು ತಳ್ಳಿಹಾಕುವ ಹಾಗಿಲ್ಲ. 2024ರಲ್ಲಿ ಭಾಷಾವಿಜ್ಞಾನಿ ಮೈಯಾ ಪೊನ್ಸೊನೆ ಮತ್ತು ಜೊತೆಗಾರರು 131 ಭಾಷೆಗಳ ಉದ್ಗಾರಗಳನ್ನು ಕಲೆಹಾಕಿ ನೋಡಿದರು. ನೋವಿನ ಉದ್ಗಾರಗಳಲ್ಲಿ ‘ಆ’ದಂತಹ ಬಾಯಿ ಅಗಲಿಸಿ ಹೇಳುವ ಸ್ವರಗಳು, ‘ಐ’, ‘ಔ’ನಂತಹ ಜೋಡಿಸ್ವರಗಳು ಜಾಸ್ತಿ ಬರುತ್ತವೆ ಎಂದು ಕಂಡರು. ಸ್ಪ್ಯಾನಿಷ್‌ನ ‘ಆಯ್’, ಇಂಗ್ಲಿಷಿನ ‘ಔಚ್’, ಜರ್ಮನ್ನರ ‘ಔವಾ’, ಹಿಂದಿಯ ‘ಹಾಯ್’ ಎಲ್ಲ ಆ ಜಾಡಿನವೇ. ನಮ್ಮ ಅಯ್ಯೋ, ಅಯ್ಯಯ್ಯೋ ಕೂಡ. ಕಾಕತಾಳೀಯವಾಗಿ ಕನ್ನಡದಲ್ಲಿ ಹಿರಿಯರನ್ನು ಕರೆಯುವ ಪದದ ಬಾಯಿಯೂ ನೋವಿನ ಸದ್ದಿನ ಬಾಯಿಯೂ ಒಂದೇ ಆಕಾರದ್ದು. ನನ್ನ ಪ್ರಕಾರ ಅಯ್ಯೋದಲ್ಲಿ ಎರಡೂ ಬೆರೆತಿವೆ. ‘ಅಮ್ಮಾ’, ‘ಯಪ್ಪಾ’ ವಿಷಯದಲ್ಲಿ ಮಾತ್ರ ಈ ಗೊಂದಲ ಇಲ್ಲ, ಅವು ಕರೆಗಳೇ.

ಅಯ್ಯೋ ಕನ್ನಡದ್ದೊಂದೇ ಆಸ್ತಿಯೂ ಅಲ್ಲ. ತಮಿಳರು, ತೆಲುಗರು, ಮಲಯಾಳಿಗಳು, ತುಳುವರು, ಶ್ರೀಲಂಕಾದವರು ಎಲ್ಲರೂ ಬಳಸುತ್ತಾರೆ. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟೂ ಅದನ್ನು ಒಳಗೆ ಸೇರಿಸಿಕೊಂಡಿತು. ಆ ಸುದ್ದಿ ಬಂದಾಗ ನಮ್ಮ ಕಡೆ ಹೆಮ್ಮೆಪಟ್ಟವರು ಬಹಳ. ಹೆಮ್ಮೆಪಡಲಿ, ತಪ್ಪಿಲ್ಲ. ಆದರೆ ಇಂಗ್ಲಿಷಿಗೆ ಹೋದ ಅಯ್ಯೋ ನಮ್ಮ ಅಯ್ಯೋದ ಕಾಲು ಭಾಗದ ಕೆಲಸವನ್ನೂ ಮಾಡುವುದಿಲ್ಲ. ‘ಅಯ್ಯೋ ಬಿಡಿ’ ಅನ್ನುವುದನ್ನು ಯಾವ ನಿಘಂಟು ಒಂದು ಸಾಲಿನಲ್ಲಿ ಬಿಡಿಸೀತು?

ಉದ್ಗಾರ ಹುಟ್ಟಿನಿಂದ ಬರುವುದಲ್ಲ, ಕಲಿತದ್ದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಇಂಗ್ಲಿಷ್ ಕಾರ್ಟೂನ್ ನೋಡಿ ಬೆಳೆದ ನಮ್ಮ ಊರಿನ ಮಕ್ಕಳು ಬಿದ್ದರೆ ‘ಔಚ್’ ಅನ್ನುತ್ತಾರೆ, ಲೋಟ ಜಾರಿದರೆ ‘ಊಪ್ಸ್’. ಅದೇ ಮನೆಯ ಅಜ್ಜಿ ‘ಅಯ್ಯೋ ಶಿವನೇ’. ನೋವಿನ ಮೊದಲ ಚೀತ್ಕಾರ ಇಬ್ಬರಿಗೂ ಒಂದೇ ಇರಬಹುದು. ಅದರ ಹಿಂದೆಯೇ ಬರುವ ಪದ ಮಾತ್ರ ಮನೆಯಿಂದ, ಬೀದಿಯಿಂದ, ಟಿವಿಯಿಂದ ಬಂದದ್ದು. ಕೆನಡಾದಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1978ರಲ್ಲಿ ಈ ವಿಷಯದ ಮೇಲೆ ಒಂದು ಲೇಖನ ಬರೆದರು. ಕೈಯಿಂದ ಏನಾದರೂ ಜಾರಿದಾಗ ಊಪ್ಸ್ ಅನ್ನುವುದು ಸುಮ್ಮನೆ ಅಲ್ಲ. ‘ಇದೊಂದು ಸಣ್ಣ ಎಡವಟ್ಟು, ನಾನು ಸರಿಯಾಗೇ ಇದ್ದೇನೆ’ ಅಂತ ನೋಡುವವರಿಗೆ ತಿಳಿಸುವುದು ಎಂಬುದು ಅವರ ವಾದ. ರಸ್ತೆಯಲ್ಲಿ ಎಡವಿದವರನ್ನು ನೋಡಿ. ತಕ್ಷಣ ‘ಥತ್’ ಅಂದು, ಹಿಂದೆ ತಿರುಗಿ ಕಲ್ಲನ್ನು ದುರುಗುಟ್ಟಿ ನೋಡುತ್ತಾರೆ. ಕಲ್ಲಿಗೆ ಅದರಿಂದ ಏನೂ ಆಗಬೇಕಿಲ್ಲ. ಅದು ಅಕ್ಕಪಕ್ಕದವರಿಗೆ.

ಉದ್ಗಾರಗಳ ಸದ್ದಿನಲ್ಲೂ ಒಂದು ತಮಾಷೆ ಇದೆ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಅಪರೂಪ. ಹಳ್ಳಿಯ ಮಾತಿನಲ್ಲಿ ಭಾಷೆ ‘ಬಾಸೆ’ ಆಗುತ್ತದೆ, ಧರ್ಮ ‘ದರ್ಮ’ ಆಗುತ್ತದೆ. ಅದೇ ಬಾಯಿಗಳಲ್ಲಿ ‘ಥೂ’, ‘ಛೀ’, ‘ಥತ್’, ‘ಭಲೇ’ ಮಾತ್ರ ಉಸಿರು ತುಂಬಿಕೊಂಡೇ ಬರುತ್ತವೆ. ಬೈಯುವಾಗ ಮಹಾಪ್ರಾಣ ತಾನಾಗೇ ಬಂತು! ಇನ್ನು ‘ಹೂಂ’, ‘ಊಹೂಂ’, ‘ಹ್ಞಾಂ’ ಇವನ್ನು ಬರೆಯುವುದೇ ಒಂದು ಸರ್ಕಸ್. ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಹೇಳುವ ಸದ್ದಿಗೆ ನಮ್ಮ ವರ್ಣಮಾಲೆಯಲ್ಲಿ ಸರಿಯಾದ ಅಕ್ಷರ ಇಲ್ಲ. ಒಬ್ಬೊಬ್ಬ ಲೇಖಕರು ಒಂದೊಂದು ತರ ಬರೆಯುತ್ತಾರೆ.

ಮರುಕಕ್ಕೆ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಸೆಳೆಯುವ ಸದ್ದು ಇದೆಯಲ್ಲ, ಅದನ್ನಂತೂ ಬರೆಯಲು ಆಗುವುದೇ ಇಲ್ಲ. ‘ಚ್ ಚ್ ಚ್’ ಅಂತ ಏನೋ ಒಂದು ಬರೆದು ಸಮಾಧಾನಪಡುತ್ತೇವೆ. ದಕ್ಷಿಣ ಆಫ್ರಿಕಾದ ಜುಲು, ಖೋಸಾ ಭಾಷೆಗಳಲ್ಲಿ ಇಂಥ ಸದ್ದುಗಳು ಸಾಮಾನ್ಯ ವ್ಯಂಜನಗಳು, ಪದಗಳ ಒಳಗೇ ಬರುತ್ತವೆ. ನಮಗೆ ಅದು ಅಯ್ಯೋ ಪಾಪಕ್ಕೆ ಮಾತ್ರ. ಆದರೂ ಕನ್ನಡ ಅದನ್ನು ಬಿಟ್ಟಿಲ್ಲ. ‘ಲೊಚಗುಟ್ಟು’ ಎಂಬ ಕ್ರಿಯಾಪದವನ್ನೇ ಮಾಡಿಕೊಂಡಿತು. ಹಲ್ಲಿಯೂ ಲೊಚಗುಟ್ಟುತ್ತದೆ, ಸಾವಿನ ಮನೆಗೆ ಬಂದವರೂ ಲೊಚಗುಟ್ಟುತ್ತಾರೆ.

ಇಲ್ಲಿ ಕನ್ನಡದ ಒಂದು ಜಾಣತನ ಹೇಳಲೇಬೇಕು. ಉದ್ಗಾರ ವಾಕ್ಯದ ಒಳಗೆ ಸೇರುವುದಿಲ್ಲ, ಹೊರಗೇ ನಿಲ್ಲುತ್ತದೆ ಅಂತ ಪುಸ್ತಕ ಹೇಳುತ್ತದೆ. ನಿಜ. ಆದರೆ ‘ಅನ್ನು’ ಎಂಬ ಧಾತು ಇದೆಯಲ್ಲ, ಅದು ಯಾವ ಸದ್ದನ್ನಾದರೂ ಒಳಗೆ ಕರೆದುಕೊಂಡು ಬರುತ್ತದೆ. ಅವನ ಸ್ಥಿತಿ ನೋಡಿ ‘ಅಯ್ಯೋ ಅನ್ನಿಸಿತು’. ಬಿಸಿಲಿಂದ ನೆರಳಿಗೆ ಬಂದಾಗ ‘ಹಾಯೆನಿಸಿತು’. ದಣಿದು ‘ಉಸ್ಸೆಂದು’ ಕೂತ. ಊರೆಲ್ಲ ‘ಛೀ ಥೂ ಅಂತು’. ಪಂದ್ಯದಲ್ಲಿ ‘ಸೈ ಅನ್ನಿಸಿಕೊಂಡ’. ಮೊದಲ ಉದಾಹರಣೆಯಲ್ಲಿ ಯಾರೂ ಬಾಯಿಬಿಟ್ಟು ಅಯ್ಯೋ ಅಂದಿಲ್ಲ, ಗಮನಿಸಿ. ಸದ್ದು ಹೋಗಿ ಅದರ ಜಾಗದಲ್ಲಿ ಮರುಕ ಎಂಬ ಭಾವ ನಿಂತಿದೆ. ನಾಯಿಯನ್ನು ಹುರಿದುಂಬಿಸುವ ‘ಛೂ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಅವರನ್ನು ನನ್ನ ಮೇಲೆ ಛೂ ಬಿಟ್ಟ’ ಎಂಬಲ್ಲಿ ಹೆಚ್ಚೂಕಡಿಮೆ ನಾಮಪದವೇ ಆಯಿತು. ‘ಶಹಬ್ಬಾಸ್’ ಪಾರ್ಸಿಯಿಂದ ಬಂತು. ಅಲ್ಲಿ ‘ಖುಷಿಯಾಗಿರು’ ಎಂಬ ಪೂರ್ತಿ ಹಾರೈಕೆ ಅದು. ನಮ್ಮಲ್ಲಿ ಬೆನ್ನು ತಟ್ಟುವ ಒಂದು ಸದ್ದಾಗಿ, ಮತ್ತೆ ‘ಶಹಬ್ಬಾಸ್‌ಗಿರಿ’ ಎಂಬ ನಾಮಪದವಾಗಿ ಬೆಳೆಯಿತು.

ಸ್ವಲ್ಪ ಬದಲಾದರೂ ಉದ್ಗಾರದ ಕೆಲಸ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ‘ಛೇ’ ಒಳ್ಳೆಯ ಉದಾಹರಣೆ. ‘ಛೇ, ಬಸ್ ಹೋಯ್ತು’ ಅಂದರೆ ಬೇಸರ. ಅದನ್ನೇ ಎರಡು ಸಲ ಹೇಳಿ: ‘ಛೇ ಛೇ, ಹಾಗೇನಿಲ್ಲ’. ಈಗ ಅದು ನಿರಾಕರಣೆ. ನೀವು ತಪ್ಪು ತಿಳಿದಿರಿ, ಅದನ್ನು ಮನಸ್ಸಿಂದ ತೆಗೆದುಹಾಕಿ ಅಂತ. ಬಸ್ ತಪ್ಪಿದವರು ‘ಛೇ ಛೇ’ ಅನ್ನುವುದು ಕಡಿಮೆ. ಏಕಾರವನ್ನು ಈಕಾರ ಮಾಡಿದರೆ ‘ಛೀ’, ಅಲ್ಲಿಗೆ ಅಸಹ್ಯ ಬಂತು. ‘ಥೂ’ ಅಂದರೆ ಉಗುಳಿದ್ದೇ ಆಯಿತು, ಎಂಜಲು ಮಾತ್ರ ಬಿದ್ದಿಲ್ಲ. ಛೇ ಅನ್ನುವುದನ್ನು ಯಾರ ಎದುರಾದರೂ ಅನ್ನಬಹುದು. ಛೀ ಅನ್ನಲು ಸಲಿಗೆ ಬೇಕು. ಥೂ ಅಂದರೆ ಜಗಳಕ್ಕೆ ತಯಾರಿರಬೇಕು. ‘ತಿರಸ್ಕಾರ’ ಎಂದು ಮೂರಕ್ಕೂ ಒಂದೇ ಹಣೆಪಟ್ಟಿ ಹಚ್ಚಿದರೆ ಹೊರಗಿನಿಂದ ಬಂದು ಕನ್ನಡ ಕಲಿಯುವವರು ಪೆಟ್ಟು ತಿನ್ನಬೇಕಾಗುತ್ತದೆ.

‘ಅಯ್ಯೋ ಅಯ್ಯೋ’ ಬಿಡಿಬಿಡಿಯಾಗಿ ಬರುವುದೂ ಉಂಟು. ಆದರೆ ಒಂದೇ ಉಸಿರಿಗೆ ಬಂದಾಗ ‘ಅಯ್ಯಯ್ಯೋ’. ಅಬ್ಬಾ ‘ಅಬ್ಬಬ್ಬಾ’ ಆಗುತ್ತದೆ, ಎಲಾ ‘ಎಲೆಲಾ’, ಶಿವಾ ‘ಶಿವ ಶಿವಾ’. ಮೊದಲನೆಯದರ ಕೊನೆಯನ್ನು ಮೊಟಕು ಮಾಡಿ ಎಳೆತವನ್ನು ಎರಡನೆಯದಕ್ಕೆ ಉಳಿಸುವುದು. ಯಾರೂ ಕಲಿಸದೆ ಮೂರು ವರ್ಷದ ಮಗುವಿಗೂ ಇದು ಗೊತ್ತು. ಸುಮ್ನೆ ಬೀಳುವ ಸದ್ದಾಗಿದ್ದರೆ ಇಂಥ ಕಟ್ಟುನಿಟ್ಟು ಯಾಕೆ ಇರುತ್ತಿತ್ತು?

ಭಾವವೇ ಇಲ್ಲದ ಉದ್ಗಾರಗಳೂ ಇವೆ. ಸರಿಯಾಗಿ ಕೇಳಿಸದಿದ್ದರೆ ನಾವು ‘ಆಂ?’ ಅನ್ನುತ್ತೇವಲ್ಲ, ಅದರಲ್ಲಿ ದುಃಖವೂ ಇಲ್ಲ, ಸಂತೋಷವೂ ಇಲ್ಲ. ಇನ್ನೊಂದು ಸಲ ಹೇಳು ಅನ್ನುವ ಕೋರಿಕೆ ಅಷ್ಟೆ. 2013ರಲ್ಲಿ ಭಾಷಾವಿಜ್ಞಾನಿ ಮಾರ್ಕ್ ಡಿಂಗಮಾನ್ಸೆ ಮತ್ತು ಇಬ್ಬರು ಜೊತೆಗಾರರು 10 ಭಾಷೆಗಳ ನಿಜವಾದ ಮಾತುಕತೆಗಳಲ್ಲಿ ಈ ಸದ್ದನ್ನು ಹುಡುಕಿದರು. ಡಚ್, ಇಟಾಲಿಯನ್, ಮ್ಯಾಂಡರಿನ್, ಲಾವೊ, ಘಾನಾದ ಸಿವು ಎಲ್ಲ ಇದ್ದವು, ಕನ್ನಡ ಇರಲಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲಿ ಸದ್ದು ಹತ್ತಿರಹತ್ತಿರ ಒಂದೇ ಇತ್ತು: ಚಿಕ್ಕದೊಂದು ಸ್ವರ, ಜಾಸ್ತಿ ಕಡೆ ಪ್ರಶ್ನೆಯ ದನಿ. 2015ರಲ್ಲಿ ಇದಕ್ಕೆ ಇಗ್ ನೊಬೆಲ್ ಕೂಡ ಸಿಕ್ಕಿತು, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಮ್ಮ ‘ಆಂ?’ ಕೂಡ ಅದೇ ಕುಟುಂಬದ್ದು ಅಂತ ಕೇಳಿದರೇ ಗೊತ್ತಾಗುತ್ತದೆ. ಆದರೆ ಮನೆಯಲ್ಲಿ ‘ದೊಡ್ಡೋರಿಗೆ ಆಂ ಅನ್ಬಾರ್ದು, ಏನು ಅಂತ ಕೇಳು’ ಎಂದು ತಿದ್ದುತ್ತಾರೆ. ಯಾರಿಗೆ ಅನ್ನಬಹುದು, ಯಾರಿಗೆ ಬಾರದು ಎಂಬ ಲೆಕ್ಕ ಇಷ್ಟು ಪುಟ್ಟ ಸದ್ದಿಗೂ ಇದೆ.

‘ಹೂಂ’ ಕೂಡ ಹಾಗೆಯೇ. ಕತೆ ಹೇಳುವ ಅಜ್ಜಿಯರು ‘ಹೂಂಗುಟ್ಟಬೇಕು, ಇಲ್ಲಾಂದ್ರೆ ಕತೆ ಹೇಳಲ್ಲ’ ಅನ್ನುವುದು ಕೇಳಿರುತ್ತೀರಿ. ಕೇಳುವವರ ಹೂಂ ನಿಂತರೆ ಮಗು ಮಲಗಿತು ಅಂತ ಅರ್ಥ. ಫೋನಿನಲ್ಲಿ ಆ ಕಡೆಯವರು ಹೂಂಗುಟ್ಟದೆ ಇದ್ದರೆ ಅರ್ಧ ನಿಮಿಷಕ್ಕೆ ‘ಹಲೋ, ಇದೀರಾ?’ ಅಂತ ಕೇಳುತ್ತೇವೆ.

ಒಬ್ಬರು ಒಬ್ಬರಿಗೆ ಹೇಳುವುದಷ್ಟೇ ಅಲ್ಲ, ಗುಂಪೇ ಒಟ್ಟಾಗಿ ಕೂಗುವ ಉದ್ಗಾರಗಳೂ ಇವೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ‘ಉಘೇ ಉಘೇ’, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ‘ಉಧೋ ಉಧೋ’. ಇವುಗಳ ನಿಘಂಟಿನ ಅರ್ಥ ಕೇಳಿದರೆ ಭಕ್ತರು ನಕ್ಕು ಮುಂದೆ ಹೋಗುತ್ತಾರೆ. ಅಲ್ಲಿ ಬೇಕಾದದ್ದು ಸಾವಿರ ಜನರ ದನಿ ಒಂದಾಗುವುದು. ಅದೂ ಕರೆಯೇ, ಮಾದಪ್ಪನಿಗೆ, ಎಲ್ಲವ್ವನಿಗೆ.

ಉದ್ಗಾರಗಳು ಹಳತಾಗುತ್ತವೆ, ಹೋಗುತ್ತವೆ. ಕುಮಾರವ್ಯಾಸನ ಭಾರತದಲ್ಲಿ ‘ಮಝ ಭಾಪು’, ‘ಅಕಟ’ ಮತ್ತೆ ಮತ್ತೆ ಬರುತ್ತವೆ. ಇವತ್ತು ‘ಅಕಟಕಟಾ’ ಅಂದರೆ ತಮಾಷೆಗೆ ಅಂದದ್ದು ಅಂತಲೇ ಅರ್ಥ. ‘ಭಳಿರೇ’ ಯಕ್ಷಗಾನದ ರಂಗಸ್ಥಳದಲ್ಲಿ ಉಳಿದಿದೆ. ‘ಭೇಷ್’, ‘ಭಲೇ’ ಹಿರಿಯರ ಬಾಯಲ್ಲಿವೆ. ಕಿರಿಯರಿಗೆ ‘ಸೂಪರ್’, ‘ಸಖತ್’, ‘ವಾವ್’. ಹೊಗಳುವ ಉದ್ಗಾರಗಳೇ ಬೇಗ ಸವೆಯುತ್ತವೆ ಅನ್ನಿಸುತ್ತದೆ, ಎಲ್ಲರೂ ಎಲ್ಲದಕ್ಕೂ ಬಳಸಿ ಬಳಸಿ. ಅಯ್ಯೋ, ಅಮ್ಮಾ ಮಾತ್ರ ಅಲ್ಲಾಡಿಲ್ಲ.

ಈಗ ಬಿಡಿ ಪದ ಬಿಟ್ಟು ಇಡೀ ವಾಕ್ಯಕ್ಕೆ ಬರೋಣ. ನಿಮ್ಮ ಚಿಹ್ನೆಯ ಪ್ರಶ್ನೆಗೆ ದಾರಿ ಅಲ್ಲಿದೆ. ಕನ್ನಡದಲ್ಲಿ ಬೆರಗುಪಡಲು ಪ್ರಶ್ನೆಯ ಪದಗಳನ್ನೇ ಬಳಸುತ್ತೇವೆ. ‘ಎಷ್ಟು ಜನ?’ ಅಂದರೆ ಉತ್ತರವಾಗಿ ಒಂದು ಸಂಖ್ಯೆ ಬೇಕು. ‘ಎಷ್ಟು ಜನ!’ ಅಂದರೆ ಬೇಡ. ‘ಎಂಥಾ ಮಾತು!’, ‘ಏನ್ ಮಳೆ!’ ಇವಕ್ಕೆ ಉತ್ತರ ಕೊಡಹೊರಟವರು ಪೆದ್ದರಾಗುತ್ತಾರೆ. ಜನ ಜಾಸ್ತಿ ಇದ್ದಾರೆ ಅನ್ನುವುದು ಇಬ್ಬರಿಗೂ ಕಾಣುತ್ತಿದೆ, ಅದರಲ್ಲಿ ಚರ್ಚೆ ಇಲ್ಲ. ಮಾತಿನಲ್ಲಿ ದನಿ ಈ ವ್ಯತ್ಯಾಸ ಮಾಡುತ್ತದೆ. ಬರಹದಲ್ಲಿ ದನಿ ಇಲ್ಲ, ಹಾಗಾಗಿ ಇಲ್ಲಿ ಚಿಹ್ನೆ ಬೇಕೇ ಬೇಕು. ಮಕ್ಕಳಿಗೆ ಮೊದಲು ಇದನ್ನೇ ಕಲಿಸಿ.

ಕನ್ನಡಕ್ಕೆ ಇನ್ನೊಂದು ದಾರಿಯೂ ಇದೆ, ಅದು ನನಗೆ ಬಹಳ ಇಷ್ಟ. ಕ್ರಿಯಾಪದದ ತುದಿಗೆ ‘ಅಲ್ಲಾ’ ಸೇರಿಸುವುದು. ‘ಮಳೆ ಬಂತು’ ಸುದ್ದಿ. ‘ಮಳೆ ಬಂತಲ್ಲಾ!’ ಉದ್ಗಾರ. ‘ಮೊನ್ನೆ ಬಂತಲ್ಲ, ಆ ಮಳೆ’ ಅಂದರೆ ನೆನಪಿಸುವುದು. ‘ಬಂತಲ್ವಾ?’ ಅಂದರೆ ಒಪ್ಪಿಗೆ ಕೇಳುವುದು. ಅಲ್ಲಗಳೆಯುವ ಪದ ಒಂದೇ, ಎಳೆತ ಬದಲಾದಂತೆ ಕೆಲಸ ಬದಲು. ‘ಹೋಯ್ತಲ್ಲಾ’, ‘ಮರೆತೇಬಿಟ್ಟೆನಲ್ಲಾ’, ‘ಎಷ್ಟು ಬೆಳೆದುಬಿಟ್ಟಿದೀಯಲ್ಲೋ’ ಇವೆಲ್ಲ ಕೇಳುವವರನ್ನು ಜೊತೆಗೆ ಎಳೆದುಕೊಳ್ಳುತ್ತವೆ: ನೀನೂ ನೋಡುತ್ತಿದ್ದೀಯ, ಅಲ್ವಾ, ಅನ್ನುವ ಹಾಗೆ. ಇಂಥ ಕಡೆ ಅಲ್ಲಾದ ದೀರ್ಘವೇ ಚಿಹ್ನೆಯ ಅರ್ಧ ಕೆಲಸ ಮಾಡಿರುತ್ತದೆ. ‘ಅಯ್ಯೋ, ಮರೆತೇಬಿಟ್ಟೆನಲ್ಲಾ’ ಎಂದು ಪೂರ್ಣವಿರಾಮ ಇಟ್ಟರೂ ಓದುವವರಿಗೆ ದನಿ ಕೇಳಿಸುತ್ತದೆ.

ಹಳಗನ್ನಡದ ಓಲೆಗರಿಗಳಲ್ಲಿ ಈ ಚಿಹ್ನೆಯೇ ಇರಲಿಲ್ಲ. ಅದು ಹುಟ್ಟಿದ್ದು 14ನೇ ಶತಮಾನದ ಇಟಲಿಯಲ್ಲಿ. ಯಾಕೊಪೊ ಅಲ್ಪೊಲೆಯೊ ಎಂಬಾತ ಇದನ್ನು ತಾನೇ ಶುರುಮಾಡಿದೆ ಎಂದು ಬರೆದುಕೊಂಡಿದ್ದಾನೆ. ನಮಗೆ ಬಂದದ್ದು ಅಚ್ಚಿನ ಜೊತೆ. ಅದಕ್ಕೂ ಮೊದಲು ಎಷ್ಟೋ ನೂರು ವರ್ಷ ನಮ್ಮ ಕವಿಗಳು ಅತ್ತಿದ್ದು, ಬೆರಗಾದದ್ದು, ಗದರಿದ್ದು ಎಲ್ಲ ಪದಗಳಲ್ಲೇ. ಅಂದರೆ ಕನ್ನಡ ವಾಕ್ಯಕ್ಕೆ ಈ ಚಿಹ್ನೆ ಇಲ್ಲದೆ ಉದ್ಗರಿಸುವ ಶಕ್ತಿ ಮೊದಲಿಂದಲೂ ಇದೆ.

ಹಾಗಾಗಿ ಪ್ರಬಂಧ ತಿದ್ದುವಾಗ ನೀವು ಹೀಗೆ ನೋಡಬಹುದು. ಅಯ್ಯೋ, ಅಬ್ಬಾ ಇವು ಮುಂದಿನ ಮಾತಿಗೆ ಒಂದೇ ಉಸಿರಿನಲ್ಲಿ ಸೇರುತ್ತಿದ್ದರೆ ಅಲ್ಪವಿರಾಮ ಸಾಕು, ಚಿಹ್ನೆ ವಾಕ್ಯದ ಕೊನೆಗೆ: ‘ಅಯ್ಯೋ, ಬಿದ್ದುಬಿಟ್ಟ!’ ಹೇಳಿದವರ ಉಸಿರು ಅಲ್ಲೇ ನಿಂತುಹೋಗಿದ್ದರೆ ಮಾತ್ರ ‘ಅಯ್ಯೋ!’ ಎಂದು ನಿಲ್ಲಿಸಿ. ‘ಓಡು!’, ‘ಹಾವು!’ ಇವಕ್ಕೆ ಹಾಕಲಿ. ‘ಸೂರ್ಯ ಮುಳುಗುತ್ತಿದ್ದ!’ ಎಂದು ಬರೆದರೆ ಅಳಿಸಿ, ಅದು ದಿನಾ ಆಗುವುದೇ. ಯಾರ ಬಾಯಿಂದಲೂ ಬಾರದ, ಬರೀ ವಿವರಿಸುವ ವಾಕ್ಯಕ್ಕೆ ಚಿಹ್ನೆ ಹಾಕಿದರೆ ಲೇಖಕರು ಓದುಗರ ಪಕ್ಕೆಗೆ ತಿವಿದ ಹಾಗೆ. ಮಕ್ಕಳು ಇದನ್ನು ಎಲ್ಲಿಂದ ಕಲಿತರು ಅಂತ ಆಶ್ಚರ್ಯಪಡಬೇಡಿ. ಸುದ್ದಿಯ ತಲೆಬರಹಗಳನ್ನು ನೋಡಿ. ಚಿನ್ನದ ಬೆಲೆ ಇಳಿದರೂ ಒಂದು ಚಿಹ್ನೆ, ಯಾರೋ ರಾಜೀನಾಮೆ ಕೊಟ್ಟರಂತೆ ಅಂದರೂ ಒಂದು ಚಿಹ್ನೆ. ಎರಡನೆಯ ಕಡೆ ಅದು ಬೆರಗಿಗೂ ಅಲ್ಲ, ‘ಇದು ಖಚಿತ ಅಲ್ಲ, ನಮ್ಮನ್ನು ಹಿಡಿಯಬೇಡಿ’ ಅನ್ನುವುದಕ್ಕೆ. ಈ ಬಳಕೆ ನನಗೆ ಸರಿಬರುವುದಿಲ್ಲ. ಅನುಮಾನ ಇದ್ದರೆ ‘ಅಂತೆ’ ಎಂಬ ಒಳ್ಳೆಯ ಕನ್ನಡ ಪದವೇ ಇದೆಯಲ್ಲ.

ಮೊಬೈಲಿನಲ್ಲಿ ಮಾತ್ರ ಮಕ್ಕಳ ಕಷ್ಟ ಅರ್ಥವಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಅಯ್ಯೋದ ಕೊನೆಯ ಅಕ್ಷರವನ್ನು ಹತ್ತು ಸಲ ಒತ್ತಿ ಬೇಕಾದಷ್ಟು ಎಳೆಯುತ್ತಾರೆ. ಕನ್ನಡದಲ್ಲಿ ಓತ್ವದ ಗುರುತನ್ನು ಮತ್ತೆ ಮತ್ತೆ ಒತ್ತಿದರೆ ಎಷ್ಟೋ ಫೋನುಗಳಲ್ಲಿ ಚುಕ್ಕೆ ಚುಕ್ಕೆಯ ವೃತ್ತಗಳು ಮೂಡುತ್ತವೆ, ಎಳೆತ ಕಾಣುವುದಿಲ್ಲ. ಅದಕ್ಕೇ ‘ಅಯ್ಯೋಓಓಓ’ ಎಂದು ಪೂರ್ತಿ ಸ್ವರಾಕ್ಷರ ಸಾಲಾಗಿ ಹಾಕುವ ಉಪಾಯ ಮಾಡಿಕೊಂಡಿದ್ದಾರೆ, ಇಲ್ಲವೇ ಚಿಹ್ನೆಗಳ ಸಾಲು ಹಚ್ಚುತ್ತಾರೆ. ವೇದಮಂತ್ರದ ಪುಸ್ತಕಗಳಲ್ಲಿ ‘ಓ೩ಮ್’ ಎಂದು ನಡುವೆ ಒಂದು ೩ ಬರೆದಿರುವುದನ್ನು ನೀವು ನೋಡಿರಬಹುದು. ಸ್ವರವನ್ನು ಮೂರು ಮಾತ್ರೆ ಎಳೆಯಿರಿ ಎಂಬ ಪ್ಲುತದ ಗುರುತು ಅದು. ‘ಅಯ್ಯೋ೩’ ಎಂದು ಬರೆಯುವುದನ್ನು ನಿಮ್ಮ ತರಗತಿಯಲ್ಲಿ ತೋರಿಸಿ. ವಾಟ್ಸ್ಆ್ಯಪ್‌ನಲ್ಲಿ ನಾಳೆಯಿಂದಲೇ ಶುರುವಾದರೂ ಆಗಬಹುದು.